ಹೆಸರು ತಿಳಿಯದ ಋಣ

ನನ್ನನ್ನು ಆರಿಸಿ ಎಂದು ಜೊತೆಯವರನ್ನೇ ಕೇಳಿಕೊಳ್ಳುವ ಸಂದರ್ಭ ಬಹಳಷ್ಟು ಜನರ ಬದುಕಿನಲ್ಲಿ ಬರುವುದೇ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುತ್ತೇವೆ, ಸಾಲಕ್ಕೆ ಅರ್ಜಿ ಹಾಕುತ್ತೇವೆ. ಅಲ್ಲಿ ನಮ್ಮ ಯೋಗ್ಯತೆಯನ್ನು ನೋಡುವವರು ಅಪರಿಚಿತರು, ಅವರು ಏನನ್ನು ನೋಡುತ್ತಾರೆಂಬುದೂ ಮೊದಲೇ ಗೊತ್ತಿರುತ್ತದೆ. ಚುನಾವಣೆಗೆ ನಿಂತವರ ಸ್ಥಿತಿ ಬೇರೆ. ದಿನವೂ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚುವವರೇ ನಮ್ಮ ಬಗ್ಗೆ ತೀರ್ಮಾನ ಮಾಡುತ್ತಾರೆ. ಮಾಡಿ, ಏನೂ ನಡೆಯದಂತೆ ಮತ್ತೆ ಪಕ್ಕದಲ್ಲೇ ಬಂದು ಕೂರುತ್ತಾರೆ. ಹದಿನೈದನೆಯ ವಯಸ್ಸಿನಲ್ಲಿ ನಾನು ಇದನ್ನು ಎದುರಿಸಿದೆ. ಗೆಲುವು ಸೋಲುಗಳ ಬಿಸಿ ಬೇಗ ಆರಿತು. ಆರದೆ ಉಳಿದದ್ದು ಒಂದು ಪ್ರಶ್ನೆ: ನಮ್ಮನ್ನು ಬಯಸಿದವರು ಯಾರು, ಬಯಸದವರು ಯಾರು ಎಂಬುದು ತಿಳಿಯದೆ ಉಳಿಯುವುದು ಕೊರತೆಯೋ, ಒಳಿತೋ?

ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ವರ್ಷ 1996. ಆ ಜೂನ್ 1ರಂದು ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದರು. ನಮ್ಮ ಜಿಲ್ಲೆಯ ಹೊಳೆನರಸೀಪುರದ ಕಡೆಯವರೊಬ್ಬರು ದೇಶದ ಪ್ರಧಾನಿಯಾದರೆಂದ ಮೇಲೆ ಹಾಸನದ ಮಕ್ಕಳಿಗೆ ಆ ಹುದ್ದೆ ತೀರ ದೂರದ್ದಾಗಿ ಕಾಣಲಿಲ್ಲ. ಅದುವರೆಗೆ ಶಾಲಾ ನಾಯಕ ಎಂದು ಕರೆಯುತ್ತಿದ್ದ ಸ್ಥಾನಕ್ಕೆ ಆ ವರ್ಷ ಪ್ರಧಾನಮಂತ್ರಿ ಎಂದೇ ಹೆಸರಾಯಿತು. ಗೆದ್ದವರು ಪ್ರಧಾನಿ, ಉಳಿದವರಿಗೆ ಆರೋಗ್ಯ, ಕ್ರೀಡೆ, ತೋಟ, ನೀರು ಎಂದು ಖಾತೆಗಳ ಹಂಚಿಕೆ. ನಾಲ್ವರು ಕಣದಲ್ಲಿದ್ದೆವು. ಹುಡುಗಿ ನಾನೊಬ್ಬಳೇ.

ಚುನಾವಣೆ ನಡೆಸಿದವರು ಸಮಾಜದ ಮೇಷ್ಟ್ರು. ಆ ಬೇಸಿಗೆಯ ಲೋಕಸಭಾ ಚುನಾವಣೆಯಲ್ಲಿ ಒಂದು ಮತಗಟ್ಟೆಯ ಹೊಣೆ ಹೊತ್ತು ಬಂದಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಟಿ.ಎನ್. ಶೇಷನ್ ಅವರ ಹೆಸರು ಆಗ ಹಳ್ಳಿಯ ಮಕ್ಕಳ ಬಾಯಲ್ಲೂ ಇತ್ತು. ಗೋಡೆಯ ಮೇಲೆ ಬರೆಯಬಾರದು, ಮಿಠಾಯಿ ಹಂಚಬಾರದು ಎಂದು ಮೇಷ್ಟ್ರು ಮೊದಲ ದಿನವೇ ತಾಕೀತು ಮಾಡಿದರು. ಅವರು ತಂದ ನಿಜವಾದ ಬದಲಾವಣೆ ಮತಪತ್ರದಲ್ಲಿತ್ತು. ಹಿಂದಿನ ವರ್ಷದವರೆಗೆ ನೋಟುಬುಕ್ಕಿನ ಹಾಳೆ ಹರಿದು, ಬೇಕಾದವರ ಹೆಸರು ಬರೆದು, ಮಡಿಸಿ ಕೊಡುವ ಪದ್ಧತಿ. ಸಣ್ಣ ಶಾಲೆಯಲ್ಲಿ ಒಬ್ಬೊಬ್ಬರ ಅಕ್ಷರವೂ ಎಲ್ಲರಿಗೂ ಗೊತ್ತು. ಯಾರ ‘ಳ’ ಹೇಗೆ ಬಾಗುತ್ತದೆ, ಯಾರು ಒತ್ತಕ್ಷರ ತಪ್ಪುತ್ತಾರೆ ಎಂಬುದರ ಮೇಲೆ ಮತ ಹಾಕಿದವರನ್ನು ಪತ್ತೆ ಹಚ್ಚಿ, ಒಂದೇ ಬೆಂಚಿನ ಗೆಳೆಯರು ವರ್ಷವಿಡೀ ಮಾತು ಬಿಟ್ಟಿದ್ದರು. ಈ ಬಾರಿ ಮೇಷ್ಟ್ರು ಸ್ಟೆನ್ಸಿಲ್ ಕೊರೆದು ನಾಲ್ಕು ಚಿಹ್ನೆಗಳ ಮತಪತ್ರವನ್ನು ಸೈಕ್ಲೋಸ್ಟೈಲ್ ಮಾಡಿಸಿದರು. ನನ್ನ ಚಿಹ್ನೆ ಕೊಡೆ. ಪೆನ್ನಿನ ಮುಚ್ಚಳದ ಬುಡವನ್ನು ಮಸಿಯ ಪ್ಯಾಡಿಗೆ ಒತ್ತಿ, ಬೇಕಾದ ಚಿಹ್ನೆಯ ಮುಂದೆ ಒಂದು ದುಂಡು ಗುರುತು ಮೂಡಿಸಬೇಕು. ಯಾರು ಒತ್ತಿದರೂ ಅದೇ ದುಂಡು. ಮಡಿಸುವುದನ್ನೂ ಅವರು ಕಲಿಸಿದರು: ಮೊದಲು ಉದ್ದುದ್ದಕ್ಕೆ, ಆಮೇಲೆ ಅಡ್ಡಕ್ಕೆ. ಹಾಗೆ ಮಡಿಸಿದರೆ ಹಸಿ ಮಸಿ ಅಂಟಿದರೂ ಅದೇ ಸಾಲಿನಲ್ಲಿ ಅಂಟುತ್ತದೆ, ಇನ್ನೊಬ್ಬರ ಚಿಹ್ನೆಯ ಮುಂದೆ ಮೂಡಿ ಮತ ಕೆಡುವುದಿಲ್ಲ. ದೊಡ್ಡ ಚುನಾವಣೆಯಲ್ಲೂ ಮತಪತ್ರವನ್ನು ಹೀಗೆಯೇ ಮಡಿಸುತ್ತಿದ್ದರು.

ಪ್ರಚಾರದ ದಿನಗಳಲ್ಲಿ ನನ್ನ ರಫ್ ನೋಟಿನ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಬೆಳೆಯುತ್ತಿತ್ತು. “ತಾಯಾಣೆ, ನಿಂಗೇ ಹಾಕ್ತೀನಿ ಕಣೇ” ಎಂದವರ ಹೆಸರೆಲ್ಲ ಅದರಲ್ಲಿ. ಹೆಚ್ಚಿನವು ನಮ್ಮೂರಿನವು, ನಮ್ಮ ತರಗತಿಯ ಹುಡುಗಿಯರವು. ನನ್ನ ಮುಖ್ಯ ಎದುರಾಳಿ ಕಾಫಿ ತೋಟದ ಮನೆಯ ಹುಡುಗ. ಒಳ್ಳೆಯ ಹುಡುಗ, ಓಟದಲ್ಲಿ ಮುಂದು, ಮಾತಿನಲ್ಲಿ ಮೃದು. ಅವರ ತೋಟದ ಲೈನು ಮನೆಗಳಿಂದ ಬರುವ ಮಕ್ಕಳು ಶಾಲೆಯಲ್ಲಿ ಬಹಳ ಮಂದಿ ಇದ್ದರು. ಅವರ ಅಪ್ಪ ಅಮ್ಮಂದಿರ ಕೂಲಿ, ಅವರು ಮಲಗುವ ಮನೆ, ಕಾಯಿಲೆಯಾದರೆ ಪಡೆಯುವ ಮುಂಗಡ ಎಲ್ಲವೂ ಆ ಮನೆಯದು. ಆ ಹುಡುಗ ಯಾರನ್ನೂ ಹೆದರಿಸಲಿಲ್ಲ, ಹೆದರಿಸುವ ಅಗತ್ಯವೂ ಇರಲಿಲ್ಲ. ಲೈನಿನ ಮಕ್ಕಳು ನನ್ನ ಮುಂದೆ ತಲೆ ತಗ್ಗಿಸಿ ಸುಮ್ಮನಿರುತ್ತಿದ್ದರು. ಅವರ ಹೆಸರು ನನ್ನ ಪಟ್ಟಿಗೆ ಬರಲಿಲ್ಲ.

ಎಣಿಕೆ ನಡೆದದ್ದು ಮಧ್ಯಾಹ್ನ, ಹೊರಗೆ ಬಿಡದೆ ಸುರಿಯುವ ಆಷಾಢದ ಮಳೆಯಲ್ಲಿ. ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ಒಂದೊಂದು ಬಿಸ್ಕತ್ತಿನ ಡಬ್ಬಿ ಮತಪೆಟ್ಟಿಗೆಯಾಗಿತ್ತು. ಮೇಷ್ಟ್ರು ಮೂರನ್ನೂ ಜಮಖಾನದ ಮೇಲೆ ಒಟ್ಟಿಗೇ ಸುರಿದು, ಎರಡೂ ಕೈಯಿಂದ ಚೀಟಿಗಳನ್ನು ಕಲಸತೊಡಗಿದರು. ನಮ್ಮಲ್ಲೊಬ್ಬ ಅಭ್ಯರ್ಥಿ ತಡೆಯಲಾರದೆ, “ಸಾರ್, ಕ್ಲಾಸುವಾರು ಬೇರೆ ಬೇರೆ ಎಣಿಸಿ ಸಾರ್” ಎಂದ. ಅವರು ಕೈ ನಿಲ್ಲಿಸದೆ ಕೇಳಿದರು: “ಗೊತ್ತಾಗಿ ಏನು ಮಾಡ್ತೀಯಪ್ಪಾ?”

ಅವನಲ್ಲಿ ಉತ್ತರವಿರಲಿಲ್ಲ. ಕೇಳಬೇಕೆಂದು ನನ್ನ ನಾಲಿಗೆಯ ತುದಿಗೂ ಬಂದಿದ್ದ ಮಾತೇ ಅದು. ಆ ಮರುಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ.

ನಾನು ಸೋತೆ. ತೋಟದ ಮನೆಯ ಹುಡುಗ ಗೆದ್ದ. ಆದರೆ ನನಗೆ ಬಂದ ಮತಗಳು ನನ್ನ ಪಟ್ಟಿಯ ಹೆಸರುಗಳಿಗಿಂತ ಹತ್ತು ಹನ್ನೆರಡು ಹೆಚ್ಚಿದ್ದವು. ಪಟ್ಟಿಯಲ್ಲಿದ್ದವರೆಲ್ಲ ಮಾತಿಗೆ ತಪ್ಪದೆ ಹಾಕಿದ್ದರೆ, ಮಾತು ಕೊಡದ ಹತ್ತು ಹನ್ನೆರಡು ಜನ ನನ್ನನ್ನು ಬಯಸಿದ್ದರು. ಪಟ್ಟಿಯಲ್ಲಿದ್ದವರಲ್ಲಿ ಕೆಲವರು ಹಾಕಿರದಿದ್ದರೆ, ಹೇಳದೆ ಹಾಕಿದವರು ಇನ್ನೂ ಹೆಚ್ಚು. ಆಣೆಯಿಟ್ಟವರನ್ನು ಪೂರ್ತಿ ನಂಬುವಂತಿಲ್ಲ, ಮೌನವಾಗಿದ್ದವರನ್ನು ಬಿಟ್ಟುಕೊಡುವಂತಿಲ್ಲ. ಎಷ್ಟೋ ರಾತ್ರಿ ಮುಖಗಳನ್ನು ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡು ನೋಡಿದ್ದೇನೆ. ಲೈನಿನ ಮಕ್ಕಳೇ ಇರಬೇಕು ಎಂದು ಮನಸ್ಸು ಹೇಳುತ್ತಿತ್ತು. ಹಾಗೆಂದುಕೊಂಡರೆ ಸೋಲಿಗೆ ಒಂದು ಘನತೆ ಬರುತ್ತಿತ್ತು. ಅದಕ್ಕೂ ಪುರಾವೆಯಿಲ್ಲ. ನನ್ನನ್ನು ಸದಾ ಕಾಡುತ್ತಿದ್ದ ಒಂಬತ್ತನೆಯ ತರಗತಿಯ ತುಂಟರೂ ಆಗಿರಬಹುದು. ಬರಬರುತ್ತಾ ಒಂದು ತಿಳಿಯಿತು: ಊಹಿಸುವುದೂ ಇಣುಕಿ ನೋಡುವುದೇ. ಮರೆಯ ಹಿಂದೆ ಒಬ್ಬರು ಮಾಡಿದ್ದನ್ನು ನನ್ನ ಕಲ್ಪನೆಯಲ್ಲಾದರೂ ಬಯಲಿಗೆಳೆಯುವ ಆಸೆ ಅದು.

ಗೊತ್ತಾಗಿ ಏನು ಮಾಡುತ್ತಿದ್ದೆ? ಪ್ರಾಮಾಣಿಕವಾಗಿ ಉತ್ತರಿಸಿದರೆ, ಬೇರ್ಪಡಿಸುತ್ತಿದ್ದೆ. ನನ್ನವರು, ನನ್ನವರಲ್ಲದವರು ಎಂದು ಎರಡು ಸಾಲು ಮಾಡುತ್ತಿದ್ದೆ. ಮೊದಲ ಸಾಲಿನವರಿಗೆ ನೋಟ್ಸು, ಪರೀಕ್ಷೆಗೆ ಮುಂಚೆ ಲೆಕ್ಕ ಹೇಳಿಕೊಡುವುದು, ಮಳೆಯಲ್ಲಿ ಕೊಡೆಯ ಅರ್ಧ ಪಾಲು. ಎರಡನೆಯ ಸಾಲಿನವರಿಗೆ ಒಂದು ಬಿಗಿದ ಮುಖ. ಕೆಟ್ಟ ಉದ್ದೇಶದಿಂದಲ್ಲ, ಕೃತಜ್ಞತೆ ಎಂಬ ಒಳ್ಳೆಯ ಹೆಸರಿನಲ್ಲೇ ಈ ಕೆಲಸ ನಡೆಯುತ್ತಿತ್ತು. ಉಪಕಾರ ಮಾಡಿದವರಿಗೆ ಪ್ರತ್ಯುಪಕಾರ ಮಾಡಬೇಕೆಂದಲ್ಲವೇ ನಮಗೆಲ್ಲ ಮನೆಯಲ್ಲಿ ಕಲಿಸಿರುವುದು? ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವಿರುತ್ತದೆ. ಯಾರು ಎಷ್ಟು ಕೊಟ್ಟರೆಂದು ಸಾಲಾಗಿ ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ಅಷ್ಟನ್ನೋ ಅದಕ್ಕೆ ಮೇಲೊಂದನ್ನೋ ಸೇರಿಸಿ ಹಿಂದಿರುಗಿಸುತ್ತೇವೆ. ಅದು ಮರ್ಯಾದೆಯ ವ್ಯವಹಾರ, ಊರು ಕೂಡಿ ಬಾಳಲು ಬೇಕಾದದ್ದು. ಆದರೆ ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಅಲ್ಲಿ ಏನೂ ಸಲ್ಲುವುದಿಲ್ಲ. ಗುಟ್ಟಿನ ಮತ ಮುಯ್ಯಿಯ ಪುಸ್ತಕದಲ್ಲಿ ಬರೆಯಲಾಗದ ಉಡುಗೊರೆ. ಕೊಟ್ಟವರ ಹೆಸರು ಗೊತ್ತಿಲ್ಲದಿದ್ದಾಗ ತೀರಿಸುವ ದಾರಿ ಒಂದೇ: ಎದುರಿಗೆ ಬಂದ ಪ್ರತಿಯೊಬ್ಬರೂ ಕೊಟ್ಟವರಿರಬಹುದು ಎಂದುಕೊಂಡು ನಡೆದುಕೊಳ್ಳುವುದು.

ಇದು ನನಗೆ ಯೋಚಿಸಿ ಹೊಳೆದದ್ದಲ್ಲ. ಆರೋಗ್ಯ ಖಾತೆಯ ಕೆಲಸದಲ್ಲಿ ಕೈಗೆ ಬಂದದ್ದು. ಎರಡನೆಯ ಸ್ಥಾನದಲ್ಲಿದ್ದ ನನಗೆ ಆ ಖಾತೆ ಕೊಟ್ಟರು. ಖಾತೆಯೆಂದರೆ ಒಂದು ತಗಡಿನ ಪೆಟ್ಟಿಗೆ: ಹತ್ತಿ, ಟಿಂಚರ್, ಗಾಯಕ್ಕೆ ಸುತ್ತುವ ಬಟ್ಟೆ, ಒಂದು ಪೊಟ್ಟಣ ಉಪ್ಪು. ಮಳೆಗಾಲದಲ್ಲಿ ಕಾಡುದಾರಿಯಲ್ಲಿ ನಡೆದು ಬರುವ ಮಕ್ಕಳ ಕಾಲಿಗೆ ಜಿಗಣೆ ಹತ್ತುತ್ತಿತ್ತು. ಬೆಳಗಿನ ಗಂಟೆ ಹೊಡೆಯುವ ಮೊದಲು ಜಗಲಿಯ ಮೇಲೆ ಒಬ್ಬೊಬ್ಬರೇ ಬಂದು ಕಾಲು ಚಾಚುತ್ತಿದ್ದರು. ಉಪ್ಪು ಉದುರಿಸಿದರೆ ಜಿಗಣೆ ಮುದುಡಿ ಬೀಳುತ್ತಿತ್ತು. ಆದರೆ ಅದು ಕಚ್ಚಿದ ಜಾಗದ ರಕ್ತ ಬೇಗ ಕಟ್ಟುವುದಿಲ್ಲ. ಹತ್ತಿ ಒತ್ತಿ ಹಿಡಿದು ಕಾಯಬೇಕು. ಕಾಯುವ ಆ ಹೊತ್ತಿನಲ್ಲಿ, ಇವಳು ನನಗೆ ಹಾಕಿದ್ದಳೋ ಇಲ್ಲವೋ ಎಂಬ ಯೋಚನೆ ಮೊದಮೊದಲು ಬರುತ್ತಿತ್ತು. ಲೈನಿನ ಮಕ್ಕಳು, ತೋಟದ ಮನೆಯವರು, ನಮ್ಮೂರಿನವರು ಎಲ್ಲರ ಕಾಲೂ ಅದೇ ಜಗಲಿಗೆ ಬರುತ್ತಿದ್ದವು, ಎಲ್ಲರ ರಕ್ತವೂ ಅಷ್ಟೇ ನಿಧಾನವಾಗಿ ನಿಲ್ಲುತ್ತಿತ್ತು. ಆಗಸ್ಟ್ ಹೊತ್ತಿಗೆ ಆ ಯೋಚನೆ ಬರುವುದೇ ನಿಂತುಹೋಯಿತು. ಗೆದ್ದಿದ್ದರೆ ಇಷ್ಟು ಬೇಗ ನಿಲ್ಲುತ್ತಿತ್ತೋ ಇಲ್ಲವೋ ಎಂಬ ಅನುಮಾನ ಈಗಲೂ ಇದೆ. ಸೋತವಳಿಗೆ ಸಿಕ್ಕ ಆ ಹೆಚ್ಚಿನ ಮತಗಳು ಗೆದ್ದವನ ಹೆಚ್ಚಿನ ಮತಗಳಿಗಿಂತ ನನ್ನನ್ನು ಹೆಚ್ಚು ಮೆದುವಾಗಿಸಿದವೆಂದು ತೋರುತ್ತದೆ.

ಆದರೂ ಈ ವಿಚಾರಕ್ಕೆ ಇನ್ನೊಂದು ಮಗ್ಗುಲಿದೆ; ಅದನ್ನು ತಳ್ಳಿಹಾಕಲಾರೆ. ಮರೆ ಎಂಬುದು ಸುಳ್ಳಿಗೆ ಆಶ್ರಯ ಕೊಡುವುದಿಲ್ಲವೇ? ತಾಯಾಣೆಯಿಟ್ಟು ಒಬ್ಬರಿಗೆ ಮಾತು ಕೊಟ್ಟು ಇನ್ನೊಬ್ಬರ ಮುಂದೆ ಗುರುತು ಒತ್ತಿದ ಮಗು ಅಂದು ಕಲಿತದ್ದೇನು? ಬ್ರಿಟನ್ನಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಪ್ರಾತಿನಿಧಿಕ ಸರ್ಕಾರದ ಬಗ್ಗೆ 1861ರಲ್ಲಿ ಬರೆದ ಗ್ರಂಥದಲ್ಲಿ ಗುಟ್ಟಿನ ಮತದಾನವನ್ನು ವಿರೋಧಿಸಿದ. ಮತವೆಂಬುದು ಸ್ವಂತ ಸೊತ್ತಲ್ಲ, ಸಮಾಜ ಒಪ್ಪಿಸಿದ ಹೊಣೆ. ಹೊಣೆಯನ್ನು ಎಲ್ಲರ ಕಣ್ಣೆದುರು ನಿರ್ವಹಿಸಬೇಕು ಎಂಬುದು ಅವನ ವಾದ. ಅವನ ದೇಶದಲ್ಲಿ ಆಗ ಮತದಾರರು ಎಲ್ಲರೆದುರು ಹೆಸರು ಹೇಳಿಯೇ ಮತ ಹಾಕುತ್ತಿದ್ದರು. ಮರೆ ಬಂದದ್ದು 1872ರ ಕಾಯ್ದೆಯಿಂದ. ಮಿಲ್‌ನ ವಾದದಲ್ಲಿ ಒಂದು ಎತ್ತರವಿದೆ. ಎದೆಯಲ್ಲಿರುವುದನ್ನು ಎದುರಿಗೆ ಹೇಳುವ ಧೈರ್ಯ ಒಳ್ಳೆಯ ಬಾಳಿನ ಲಕ್ಷಣವೇ. ನನ್ನ ಮಕ್ಕಳಲ್ಲೂ ಅದನ್ನೇ ಬಯಸುತ್ತೇನೆ.

ಆದರೆ ಧೈರ್ಯದ ಬೆಲೆ ಎಲ್ಲರಿಗೂ ಒಂದೇ ಅಲ್ಲ. ತೋಟದ ಮನೆಯ ಹುಡುಗ ಕೈಯೆತ್ತಿ ನನಗೆ ಮತ ಹಾಕಿದ್ದರೆ ಅದು ಅವನ ದೊಡ್ಡತನ. ಲೈನಿನ ಹುಡುಗಿ ಕೈಯೆತ್ತಿದ್ದರೆ ಸಂಜೆ ಅವಳ ಅಪ್ಪ ಉತ್ತರ ಹೇಳಬೇಕಾಗುತ್ತಿತ್ತು. ಬಲವುಳ್ಳವರು ಕೇಳಿ ಪಡೆದ ಆಣೆ ಮುರಿದಾಗ ದೋಷ ಆಣೆಯಿಟ್ಟವರದಲ್ಲ, ಇಡಿಸಿದವರದು. ಇದನ್ನು ಪುಸ್ತಕ ಓದದೆಯೇ ನನಗೆ ಹೇಳಿದವರು ಅಜ್ಜಿ. ಸೋತ ದಿನ ಮನೆಗೆ ಹೋಗಿ, ಯಾರು ಹಾಕಿದರೋ ಯಾರು ಬಿಟ್ಟರೋ ಎಂದು ಗೊಣಗುತ್ತಿದ್ದಾಗ, ಒಲೆಯ ಮುಂದಿದ್ದ ಅವರು ತಿರುಗಿಯೂ ನೋಡದೆ ಅಂದರು: “ಇಷ್ಟು ವರ್ಷ ನಾನ್ಯಾರಿಗೆ ಒತ್ತೀನಿ ಅಂತ ನಿಮ್ ತಾತಂಗೇ ಗೊತ್ತಿಲ್ಲ ಕಣವ್ವಾ.” ತಾತ ಊರಿನಲ್ಲಿ ನಾಲ್ಕು ಜನಕ್ಕೆ ಬುದ್ಧಿ ಹೇಳುವವರು, ಮನೆಯ ಮತವೆಲ್ಲ ತಮ್ಮದೇ ಎಂದು ಪಂಚಾಯಿತಿ ಕಟ್ಟೆಯಲ್ಲಿ ಹೇಳುತ್ತಿದ್ದರು. ಅಜ್ಜಿ ಅದನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ. ಅವರ ಬದುಕಿನಲ್ಲಿ ತಾವೇ ತೀರ್ಮಾನಿಸಿ, ಯಾರಿಗೂ ಲೆಕ್ಕ ಒಪ್ಪಿಸದೆ ಮಾಡಿದ ಕೆಲಸ ಅದೊಂದೇ ಇದ್ದಿರಬೇಕು. ಅದನ್ನು ಅಪ್ರಾಮಾಣಿಕತೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಿಲ್ ಬಯಸಿದ ಬಯಲು ಸಮಾನರ ನಡುವೆ ಮಾತ್ರ ಚೆಂದ. ಸಮಾನತೆ ಬರುವ ತನಕ ಮರೆಯೇ ನ್ಯಾಯ.

ಹಾಗಿದ್ದರೆ ಸಮಾನರಾದ ಗೆಳೆಯರ ನಡುವೆ? ಅಲ್ಲಿ ನಾನು ತಲುಪಿದ ತೀರ್ಮಾನ, ಆಣೆ ಕೇಳಲೇಬಾರದು ಎಂಬುದು. ಮಾತು ಕೊಡು ಎಂದು ಒತ್ತಾಯಿಸಿದಾಗಲೇ ಗೆಳತಿಯನ್ನು ಸುಳ್ಳಿನ ಅಂಚಿಗೆ ತಳ್ಳುತ್ತೇವೆ. ನನಗೆ ಇದು ಬೇಕು, ನಿನಗೆ ಸರಿ ಕಂಡಂತೆ ಮಾಡು ಎಂದು ಹೇಳಿ ಎದ್ದು ಬರುವುದು ಕಷ್ಟ. ಆದರೆ ಗೆಳೆತನಕ್ಕೆ ಅಷ್ಟು ಜಾಗ ಬೇಕು.

ಮುಂದೆ ಬ್ಯಾಂಕಿನ ಕೆಲಸ ಸಿಕ್ಕ ಮೇಲೆ ಚುನಾವಣಾ ಕರ್ತವ್ಯಕ್ಕೆ ನನ್ನನ್ನೂ ಹಾಕಿದರು. ಮತದಾನದ ಗುಟ್ಟನ್ನು ಹೊರಗೆಡಹುವ ಸಿಬ್ಬಂದಿಗೆ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 128ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸೆರೆವಾಸ. ಅದೇ ಕಾಯ್ದೆಯ 94ನೆಯ ಕಲಮು, ಯಾರಿಗೆ ಮತ ಹಾಕಿದೆ ಎಂದು ಹೇಳುವಂತೆ ಯಾವ ಸಾಕ್ಷಿಯನ್ನೂ ಬಲವಂತಪಡಿಸುವಂತಿಲ್ಲ ಎನ್ನುತ್ತದೆ. ಒಬ್ಬ ಅಜ್ಜಿಯ ಮೌನಕ್ಕೆ ದೇಶ ಇಷ್ಟು ಭದ್ರವಾದ ಬೇಲಿ ಹಾಕಿದೆ ಎಂದು ಓದಿದಾಗ ಮನಸ್ಸು ತುಂಬಿ ಬಂದಿತ್ತು. ರಟ್ಟಿನ ಮರೆಯ ಹಿಂದೆ ಹೋಗುವ ಮುದುಕಿಯರು ಅಲ್ಲಿ ಒಂದು ಗಳಿಗೆ ಹೆಚ್ಚೇ ನಿಲ್ಲುವುದನ್ನು ಗಮನಿಸಿದ್ದೇನೆ. ಗುಂಡಿ ಎಲ್ಲಿದೆಯೆಂದು ತಿಳಿಯದೆ ನಿಂತವರಲ್ಲ. ಹೊರಗೆ ಬಂದಾಗಿನ ಮುಖ ಅದನ್ನು ಹೇಳುತ್ತಿತ್ತು.

ಆದರೆ ಆ ಬೇಲಿಯಲ್ಲಿ ಒಂದು ಕಂಡಿ ಇದೆ. ಕಾಗದದ ಮತಪತ್ರಗಳ ಕಾಲದಲ್ಲಿ, ಬೆದರಿಕೆಯ ಭಯವಿದ್ದ ಕಡೆ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು 1961ರ ಚುನಾವಣಾ ನಿಯಮಗಳು ಅವಕಾಶ ಕೊಟ್ಟಿದ್ದವು. ನಮ್ಮ ಮೇಷ್ಟ್ರು ಜಮಖಾನದ ಮೇಲೆ ಮಾಡಿದ್ದು ಅದನ್ನೇ. 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಎಲ್ಲ ಕಡೆ ಮತಯಂತ್ರ ಬಂತು. ಒಂದೊಂದು ಮತಗಟ್ಟೆಯ ಯಂತ್ರದ ಲೆಕ್ಕವನ್ನು ಬೇರೆಯಾಗಿಯೇ ಓದುತ್ತಾರೆ, ಬೇರೆಯಾಗಿಯೇ ಪ್ರಕಟಿಸುತ್ತಾರೆ. ಒಂದು ಊರು, ಒಂದು ಕೇರಿ ಯಾರ ಕಡೆ ವಾಲಿತು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. “ನಿಮ್ಮ ಕೇರಿಯವರು ನಮಗೆ ಹಾಕಿಲ್ಲ” ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹೊಸತಲ್ಲ. ಆ ಮಾತಿನ ಹಿಂದೆ ನಿಂತುಹೋಗುವ ರಸ್ತೆ, ಬಾರದ ನೀರು ಇರುತ್ತವೆ. ಹಲವು ಯಂತ್ರಗಳನ್ನು ಒಟ್ಟಿಗೆ ಜೋಡಿಸಿ ಮೊತ್ತವನ್ನಷ್ಟೇ ತೋರಿಸುವ ‘ಟೋಟಲೈಸರ್’ ಎಂಬ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು. ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಬೆಂಬಲಿಸಿತು. ಅದು ಇನ್ನೂ ಬಳಕೆಗೆ ಬಂದಿಲ್ಲ. ಗೊತ್ತಾಗಿ ಏನು ಮಾಡ್ತೀಯ ಎಂಬ ಪ್ರಶ್ನೆಯನ್ನು ಮತಗಟ್ಟೆವಾರು ಲೆಕ್ಕ ಹಿಡಿದು ಕೂರುವ ಪ್ರತಿಯೊಬ್ಬ ಅಭ್ಯರ್ಥಿಗೂ ಕೇಳಬೇಕೆನಿಸುತ್ತದೆ. ಪ್ರಚಾರದ ತಂತ್ರ ರೂಪಿಸಲು ಬೇಕು, ಅಕ್ರಮ ಪತ್ತೆಗೆ ಬೇಕು ಎನ್ನುವ ಉತ್ತರಗಳಿವೆ. ಎರಡನೆಯದಕ್ಕೆ ತೂಕವೂ ಇದೆ. ಆದರೂ ಬಡವರ ಕೇರಿಗೆ ಆಗುವ ನಷ್ಟದ ಮುಂದೆ ಇಟ್ಟು ನೋಡಿದರೆ, ನನ್ನ ಒಲವು ಬೆರೆಸುವುದರ ಕಡೆಗೇ.

ಪ್ರತಿ ವರ್ಷ ಶಾಲೆ ಶುರುವಾದ ಮೇಲೆ ನಮ್ಮ ರಾಜ್ಯದ ಎಷ್ಟೋ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದೆ. ಈಗ ಮೊಬೈಲಿನಲ್ಲೇ ಮತಯಂತ್ರದ ಆ್ಯಪ್ ಹಾಕಿಕೊಂಡು, ಬೆರಳಿಗೆ ಮಸಿ ಹಚ್ಚಿ, ಸಾಲಿನಲ್ಲಿ ನಿಲ್ಲಿಸಿ ಅಚ್ಚುಕಟ್ಟಾಗಿ ನಡೆಸುತ್ತಾರೆ. ನೋಡಲು ಸಂತೋಷವಾಗುತ್ತದೆ. ಹೊತ್ತಿಲ್ಲವೆಂದು ಕೈ ಎತ್ತಿಸಿ ಮುಗಿಸುವ ಶಾಲೆಗಳೂ ಇವೆ. ಈ ಚುನಾವಣೆಗಳನ್ನು ನಡೆಸುವ ಮೇಷ್ಟ್ರುಗಳಿಗೆ, ಟೀಚರುಗಳಿಗೆ ನನ್ನದೊಂದು ಬಿನ್ನಹ. ದಯವಿಟ್ಟು ಕೈ ಎತ್ತಿಸಬೇಡಿ, ಚೀಟಿಯಲ್ಲಿ ಹೆಸರು ಬರೆಸಬೇಡಿ. ಮಗು ಮತ ಹಾಕುವಾಗ ನೀವೂ ಆ ಕಡೆ ನೋಡಬೇಡಿ. ಮಕ್ಕಳಿಗೆ ಮೊದಲ ಬಾರಿಗೆ ಯಾರ ಅಪ್ಪಣೆಯೂ ಇಲ್ಲದೆ ತೀರ್ಮಾನಿಸುವ ಗಳಿಗೆ ಅದು. ತರಗತಿಗೊಂದು ಮೊಬೈಲು ಇಟ್ಟಿದ್ದರೆ ಎಲ್ಲವನ್ನೂ ಕೂಡಿಸಿದ ಮೇಲೆ ಮೊತ್ತವನ್ನಷ್ಟೇ ಓದಿ ಹೇಳಿ. ಯಾವ ತರಗತಿಯಿಂದ ತನಗೆಷ್ಟು ಬಂತು ಎಂದು ಅಭ್ಯರ್ಥಿಯೇ ಬಂದು ಕೇಳಿದರೂ ಹೇಳಬೇಡಿ.